ಪದಚರ್ಚೆ: ಇನ್‌ಕ್ವೈರಿಗೆ ‘ವಿಚಾರಣೆ’ ಅಂದ್ರೆ ಪೊಲೀಸ್ ಸ್ಟೇಷನ್ ನೆನಪಾಗುತ್ತೆ, ಬೇರೆ ಪದ ಇದೆಯಾ?

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರ್ ಮಾಡ್ಕೋಬೇಡಿ.

ನಾನು ಬೆಂಗಳೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೇಲಿ ಕನ್ನಡ ಟೀಚರ್. ನಮ್ಮ ಶಾಲೆಯವ್ರು ಈಗ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಕಡೆ ಹೊರಟಿದಾರೆ, ಪ್ರೈಮರಿಗೆ ಅವ್ರ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ), ಇನ್ನೂ ಕ್ಯಾಂಡಿಡೇಟ್ ಹಂತದಲ್ಲಿದೀವಿ, ಅಂದ್ರೆ ಮಾನ್ಯತೆ ಸಿಕ್ಕಿಲ್ಲ. ಗೊತ್ತಿಲ್ಲದವ್ರಿಗೆ ಒಂದ್ಮಾತು, ಐಬಿ 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ, ಮೊದ್ಲು ಇದ್ದಿದ್ದು ನಮ್ಮ ಪಿಯುಸಿ ವಯಸ್ಸಿನವ್ರ ಡಿಪ್ಲೊಮಾ ಮಾತ್ರ, 3ರಿಂದ 12 ವರ್ಷದ ಮಕ್ಕಳ ಪಿವೈಪಿ ಬಂದಿದ್ದು 1997ರಲ್ಲಿ. ಟೀಚರ್ ಪಾಠ ಮಾಡಿ ಆಮೇಲೆ ಪ್ರಶ್ನೆ ಕೇಳೋದಲ್ಲ, ಮಕ್ಕಳ ಪ್ರಶ್ನೆಯಿಂದ್ಲೇ ಪಾಠ ಬೆಳೀಬೇಕು ಅನ್ನೋದು ಇದರ ಜೀವ. ದೊಡ್ಡ ಕ್ಲಾಸುಗಳಲ್ಲಿ ವರ್ಷಕ್ಕೆ ಆರು ಥೀಮು, ಒಂದೊಂದಕ್ಕೂ ಒಂದು ‘ಯೂನಿಟ್ ಆಫ್ ಇನ್‌ಕ್ವೈರಿ’, ಅಂದ್ರೆ ಪ್ರಶ್ನೆ ಕೇಳ್ತಾ ಹುಡುಕ್ತಾ ಕಲಿಯೋ ಪಾಠ. ಇದನ್ನೆಲ್ಲ ಕನ್ನಡದ ಮನೆಗಳಿಗೆ ಕನ್ನಡದಲ್ಲಿ ತಿಳಿಸೋ ಕೆಲ್ಸ ನನ್ನ ತಲೆಗೆ ಕಟ್ಟಿದಾರೆ.

ಹೋದ ತಿಂಗಳು ನಾಲ್ಕನೇ ಕ್ಲಾಸಿನ ಡೈರಿಗೆ ಒಂದು ಚೀಟಿ ಅಂಟಿಸಿದ್ವಿ, ಬರೆದವಳು ನಾನೇ: “ನಿಮ್ಮ ಮಗುವಿನ ಮೊದಲ ವಿಚಾರಣಾ ಘಟಕ ಸೋಮವಾರದಿಂದ ಆರಂಭವಾಗಲಿದೆ. ದಯವಿಟ್ಟು ಸಹಕರಿಸಿ.” ರಾತ್ರಿ ಎಂಟು ಗಂಟೆಗೆ ಒಬ್ಬ ಅಜ್ಜ ಫೋನ್ ಮಾಡಿದ್ರು. “ಮೇಡಂ, ನಮ್ ಹುಡ್ಗ ಏನ್ ಮಾಡ್ದ? ಯಾರ್ಗಾದ್ರೂ ಹೊಡೆದ್ನಾ? ಅವ್ರಪ್ಪಂಗಿನ್ನೂ ಚೀಟಿ ತೋರ್ಸಿಲ್ಲ, ಮೊದ್ಲು ನಿಮ್ಮನ್ನ ಕೇಳ್ಬಿಡೋಣ ಅಂತ.” ನಗು ತಡ್ಕೊಂಡು ವಿವರಿಸಿದೆ, ಆದ್ರೆ ಫೋನ್ ಇಟ್ಮೇಲೆ ಚೀಟಿ ಇನ್ನೊಂದ್ಸಲ ಓದಿದ್ರೆ ಪಾಪ ಅವ್ರದ್ದೇನು ತಪ್ಪು ಅನ್ನಿಸ್ತು, ‘ಸಹಕರಿಸಿ’ ಬೇರೆ ಹಾಕಿದೀನಿ.

ವಿಚಿತ್ರ ಅಂದ್ರೆ ಹುಟ್ಟು ನೋಡಿದ್ರೆ ವಿಚಾರಣೆ ಸರಿಯಾದ ಪದಾನೇ. ವಿ, ಚರ್, ಅಂದ್ರೆ ಅತ್ತಿತ್ತ ಓಡಾಡೋದು, ಮನಸ್ಸು ಒಂದು ವಿಷಯದ ಸುತ್ತ ತಿರುಗಾಡೋದು. ಆದ್ರೆ ನಾವು ಅದನ್ನ ಕೋರ್ಟಿಗೆ ಕೊಟ್ಬಿಟ್ಟಿದೀವಿ, ಉಳಿದಿದ್ದು ರೈಲ್ವೆ ಸ್ಟೇಷನ್ ಬೋರ್ಡಿಗೆ. ಮಾತಲ್ಲಂತೂ ಇನ್ನೂ ಮಜಾ: ಹುಡುಗನ ಕಡೆಯವ್ರ ಬಗ್ಗೆ ‘ವಿಚಾರಿಸ್ತೀವಿ’, ಮದುವೆ ಮನೇಲಿ ‘ಚೆನ್ನಾಗಿ ವಿಚಾರಿಸ್ಕೊಂಡ್ರು’ ಅಂದ್ರೆ ಬಡಿಸಿ ಉಪಚಾರ ಮಾಡಿದ್ರು ಅಂತ, ಅದೇ ‘ಸಂಜೆ ಬರ್ಲಿ ಅವ್ನು, ವಿಚಾರಿಸ್ಕೋತೀನಿ’ ಅಂದ್ರೆ ಬೆನ್ನಿಗೆ ಬೀಳುತ್ತೆ ಅಂತ. ಈ ಮೂರರಲ್ಲಿ ಯಾವ್ದೂ ಪಾಠದ ಹತ್ರ ಬರಲ್ಲ.

ಹಾಗಿದ್ರೆ ಇಂಗ್ಲಿಷ್ ಪದಾನೇ ಇಟ್ಕೊಳ್ಳಿ ಅಂತ ಸ್ಟಾಫ್ ರೂಮಲ್ಲಿ ಹೇಳಿದ್ರು. ಆದ್ರೆ ‘ಎನ್‌ಕ್ವೈರಿ’ ಕನ್ನಡದೊಳಗೆ ಬಂದು ಎಷ್ಟೋ ಕಾಲ ಆಯ್ತು. ಸರ್ಕಾರಿ ನೌಕರಿ ಮಾಡಿದವ್ರ ಮನೇಲಿ ‘ಅವ್ರ ಮೇಲೆ ಎನ್‌ಕ್ವೈರಿ ಇದೆ’ ಅಂದ್ರೆ ಸಸ್ಪೆನ್ಷನ್ ಹತ್ರ ಬಂತು ಅಂತ. ಅಲ್ಲೂ ತಪ್ಪಿಸ್ಕೊಳ್ಳೋ ಹಾಗಿಲ್ಲ.

ಬೇರೆ ಪದಗಳೂ ಹಿಂಗೇ ಕಾಲು ಎಳೀತಿವೆ. ಪಾಠದ ಶುರುವಲ್ಲಿ ಮಕ್ಕಳ ತಲೆಗೆ ಹುಳ ಬಿಡೋಕೆ ಒಂದು ವಸ್ತುನೋ ಚಿತ್ರಾನೋ ಇಡ್ತೀವಲ್ಲ, ಅದಕ್ಕೆ ‘ಪ್ರೊವೊಕೇಷನ್’ ಅಂತಾರೆ. ಪ್ರಚೋದನೆ ಅಂತ ಬರೆದ್ರೆ ಪ್ರಚೋದನಕಾರಿ ಭಾಷಣ, ಲಾಠಿ ಚಾರ್ಜು. ಗಾಯತ್ರಿ ಮಂತ್ರದ ಕೊನೆಯ ‘ಪ್ರಚೋದಯಾತ್’ ನಮ್ಮ ಬುದ್ಧೀನ ಪ್ರೇರೇಪಿಸಲಿ ಅಂತ ಬೇಡ್ಕೊಳ್ಳೋದು, ಅಂದ್ರೆ ಹೆಚ್ಚುಕಮ್ಮಿ ಐಬಿಯವ್ರು ಹೇಳೋ ಅರ್ಥಾನೇ! ನಾನೀಗ ‘ತಲೆಗೆ ಹುಳ’ ಅಂತಾನೇ ಹಾಕಿದೀನಿ, ಕೋಆರ್ಡಿನೇಟರ್‌ಗೆ ಕನ್ನಡ ಬರಲ್ಲ, ಬಚಾವ್. ‘ಟ್ರಾನ್ಸ್‌ಡಿಸಿಪ್ಲಿನರಿ’ಗೆ ಯೂನಿವರ್ಸಿಟಿ ಕನ್ನಡದ ‘ಅಂತರಶಿಸ್ತೀಯ’ ಸಾಲ್ದು, ಅದು ಎರಡು ವಿಷಯ ಜೋಡಿಸೋದು, ಇದು ವಿಷಯದ ಗಡೀನೇ ದಾಟೋದು. ‘ಶಿಸ್ತು ಮೀರಿದ ಕಲಿಕೆ’ ಅಂತ ಹಾಕಿದ್ರೆ ಅಪ್ಪ ಅಮ್ಮಂದಿರು ಟಿಸಿ ಕೇಳ್ಕೊಂಡು ಬರ್ತಾರೆ. ‘ವಿಷಯದ ಗಡಿ ದಾಟಿದ’ ಅಂತ ಉದ್ದಕ್ಕೆ ಬರೀತಿದೀನಿ.

‘ಇಂಟರ್‌ನ್ಯಾಷನಲ್ ಮೈಂಡೆಡ್‌ನೆಸ್’ ಬಗ್ಗೆ ಎರಡು ಅನುಮಾನ. ಒಂದು ಕಾಗುಣಿತದ್ದು. ‘ಅಂತರ್’ ಜೊತೆ ಸಂಧಿ ಮಾಡಿದ್ರೆ ಎರಡು ರಕಾರ ಪಕ್ಕ ಬಂದು ಮೊದಲ್ನೇದು ಬಿದ್ದು ಹಿಂದಿನ ಸ್ವರ ದೀರ್ಘ ಆಗಿ ‘ಅಂತಾರಾಷ್ಟ್ರೀಯ’ ಆಗುತ್ತೆ, ‘ನೀರೋಗ’ ಆದ ಹಾಗೆ. ‘ಅಂತರ’ ಅಂತ ತಗೊಂಡ್ರೆ ‘ಅಂತರರಾಷ್ಟ್ರೀಯ’. ಎರಡೂ ಪೇಪರಲ್ಲಿ ನೋಡ್ತೀವಿ, ನಾನು ಎರಡಕ್ಕೂ ತಕರಾರು ಮಾಡಲ್ಲ, ಒಂದೇ ರ ಹಾಕಿ ದೀರ್ಘಾನೂ ಬಿಟ್ಟು ‘ಅಂತರಾಷ್ಟ್ರೀಯ’ ಅಂತ ಬರೆಯೋರ ಮೇಲೆ ಮಾತ್ರ ಸಿಟ್ಟು. ಇನ್ನೊಂದು ಅರ್ಥದ್ದು. ಸಹೋದ್ಯೋಗಿಯೊಬ್ರು “ಅಷ್ಟೇ ತಾನೇ, ಕುವೆಂಪು ಅವ್ರ ವಿಶ್ವಮಾನವ ಹಾಕಿ” ಅಂದ್ರು, ಡಿಸೆಂಬರ್ 29ಕ್ಕೆ ಎಲ್ಲಾ ಶಾಲೇಲೂ ದಿನಾಚರಣೆ ಇರೋದ್ರಿಂದ ಮಕ್ಕಳಿಗೂ ಗೊತ್ತು. ಕೇಳೋಕೆ ಚಂದ, ಆದ್ರೆ ಅರ್ಥ ಅದೇನಾ? ವಿಶ್ವಮಾನವ ಅಂದ್ರೆ ಜಾತಿ ಮತ ದೇಶ ಅನ್ನೋ ಬೇಲಿ ಕಿತ್ತು ಹಾಕಿದವ್ನು. ಐಬಿಯವ್ರದ್ದು ಅಷ್ಟು ದೂರ ಹೋಗಲ್ಲ, ನಿನ್ನ ಭಾಷೆ ಊರು ನೀನು ಇಟ್ಕೋ, ಬೇಲಿಯಾಚೆ ಇರೋನು ಹೇಳೋದ್ರಲ್ಲೂ ನಿಜ ಇರ್ಬಹುದು ಅಂತ ತಿಳ್ಕೋ, ಅಷ್ಟೇ. ಅದಕ್ಕೆ ದೊಡ್ಡ ಪದ ಹಾಕಿ ಅಗ್ಗ ಮಾಡೋಕೆ ನಂಗೆ ಮನಸ್ಸಿಲ್ಲ.

ಮುಖ್ಯ ಪ್ರಶ್ನೆಗೆ ಬರ್ತೀನಿ. ಇನ್‌ಕ್ವೈರಿಗೆ ನನ್ನ ಕೈಲಿ ಇರೋ ಪದಗಳು ಇವು. ಜಿಜ್ಞಾಸೆ: ತಿಳೀಬೇಕು ಅನ್ನೋ ಆಸೆ ಮಾತ್ರ, ಹುಡುಕೋ ಕೆಲ್ಸ ಇಲ್ಲ, ಮತ್ತೆ ಒತ್ತಕ್ಷರದಿಂದ ನಾಲ್ಕನೇ ಕ್ಲಾಸಿನವ್ರು ಓದೋಕೇ ಹೆದರ್ತಾರೆ. ಅನ್ವೇಷಣೆ: ಪರವಾಗಿಲ್ಲ, ಆದ್ರೆ ಹಡಗು ಹತ್ತಿ ಹೊರಟ ಹಾಗೆ ಕೇಳುತ್ತೆ. ಅರಸು: ಅಚ್ಚ ಕನ್ನಡ, ಆದ್ರೆ ‘ಅರಸಿ ಕಲಿ’ ಅಂದ್ರೆ ಮಕ್ಕಳು ರಾಣಿ ಯಾರು ಅಂತಾರೆ. ‘ಬೆದಕು’, ಅದೂ ಹುಡುಕು ಅಂತ್ಲೇ, ಚೆನ್ನಾಗಿದೆ, ನಮ್ ಕಡೆ ಯಾರೂ ಆಡಲ್ಲ. ‘ಹುಡುಕಿ ಕಲಿ’ ಅಂತ ಮಾಡಿದ್ರೆ ‘ನಲಿ ಕಲಿ’ಗೆ ತಂಗಿ ಸಿಕ್ಕ ಹಾಗಾಗುತ್ತೆ, ಅದೂ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ 1995ರ ಸುಮಾರಿಗೆ ಶುರುವಾದಾಗ ಎರಡು ಸಣ್ಣ ಪದದಲ್ಲಿ ಇಡೀ ಪದ್ಧತಿ ಹೇಳ್ಬಿಡ್ತು, ಯಾರೂ ಡಿಕ್ಷನರಿ ತೆಗೀಬೇಕಾಗ್ಲಿಲ್ಲ.

ಆದ್ರೆ ಹೋದ ವಾರ ಕ್ಲಾಸಲ್ಲಿ ಒಂದು ನಡೀತು. ನೀರಿನ ಯೂನಿಟ್ಟು, ಟೇಬಲ್ ಮೇಲೆ ಒಂದು ಖಾಲಿ ಕೊಡ ಇಟ್ಟಿದ್ದೆ, ಮಕ್ಕಳು ಪ್ರಶ್ನೆಗಳನ್ನ ಬಣ್ಣದ ಚೀಟೀಲಿ ಬರೆದು ಗೋಡೆಗೆ ಅಂಟಿಸ್ತಿದ್ರು. ‘ಟ್ಯಾಂಕರ್ ಅಂಕಲ್‌ಗೆ ನೀರು ಯಾರು ಕೊಡ್ತಾರೆ’ ಅಂತ ಒಬ್ಳು ಬರೆದ್ಲು. ಬೋರ್‌ವೆಲ್ಲಿಂದ ಅಂತ ಪಕ್ಕದವ್ನು. ಬೋರ್‌ವೆಲ್ ಯಾರ್ದು, ಭೂಮಿ ಒಳಗಿನ ನೀರು ಅವ್ರದ್ದು ಹೆಂಗಾಯ್ತು ಅಂತ ಮತ್ತೆ ಅವ್ಳು. ಆಗ ಹಿಂದಿನ ಬೆಂಚಿನ ಹುಡುಗ, ಮನೇಲಿ ಕೋಳಿ ಸಾಕಿದಾರಂತೆ, “ಮಿಸ್, ಇವ್ಳು ಕೋಳಿ ತರ ಕೆದಕ್ತಾನೇ ಇರ್ತಾಳೆ” ಅಂದ.

ಕೆದಕು! ಮೇಲಿನ ಮಣ್ಣು ಸರ್ಸಿ ಒಳಗೇನಿದೆ ನೋಡೋದು, ಕಾಳು ಸಿಗೋ ತನಕ ಬಿಡ್ದೇ ಇರೋದು. ನಂಗೆ ತುಂಬಾ ಹಿಡಿಸ್ತು, ಆದ್ರೆ ‘ಹಳೇದೆಲ್ಲ ಕೆದಕ್ಬೇಡ’ ಅಂತ ಬೈಗುಳದ ನೆರಳೂ ಇದೆ ಅದಕ್ಕೆ. ನಿಮ್ಮ ಕಡೆ, ಧಾರವಾಡ, ಕಲಬುರಗಿ, ಕುಂದಾಪುರ, ಎಲ್ಲಾದ್ರೂ ಕೆದಕು ಅಂದ್ರೆ ಒಳ್ಳೇ ಅರ್ಥದಲ್ಲಿ ಆಡ್ತಾರಾ? ಬೆದಕು ಇನ್ನೂ ಬಾಯಲ್ಲಿ ಇದೆಯಾ? ಮುಂದಿನ ಚೀಟಿ ಗುರುವಾರ ಪ್ರಿಂಟಿಗೆ ಹೋಗ್ಬೇಕು, ಅಷ್ಟರೊಳಗೆ ಯಾರಾದ್ರೂ ಹೇಳಿದ್ರೆ ಉಪಕಾರ ಆಗುತ್ತೆ, ಇಲ್ದಿದ್ರೆ ‘ಹುಡುಕಿ ಕಲಿ’ ಹಾಕ್ಬಿಡ್ತೀನಿ. ‘ಘಟಕ’ ಅಂತೂ ತೆಗೆದಾಯ್ತು, ಸುಮ್ನೆ ‘ಪಾಠ’.