ಕಪ್ಪತಗುಡ್ಡದ ಕಲ್ಲಿನ್ಯಾಗ ಹಳದಿ ಹೊಳಪು: ಬಂಗಾರನೋ ಪೈರೈಟೋ?

ಪ್ರಶ್ನೆ (ಗದಗ): ಕಾಲೇಜಿನ ಹಳೇ ಸಂಗ್ರಹದಾಗ ಒಂದು ಬಿಳಿ ಕ್ವಾರ್ಟ್ಜ್ (ಬೆಣಚುಕಲ್ಲು) ತುಂಡು ಐತ್ರಿ. ಚೀಟಿ ಮ್ಯಾಲೆ ‘ಕಪ್ಪತಗುಡ್ಡ’ ಅಂತಷ್ಟ ಬರದಾರ. ಅದರಾಗ ಸಾಸಿವಿ ಕಾಳಿನಷ್ಟು ಹಳದಿ ಚೌಕ ಹರಳು, ಸುತ್ತ ತುಕ್ಕಿನ ಬಣ್ಣ, ಅಲ್ಲಲ್ಲಿ ಬಿಳಿ ಪುಡಿ. ಒಡೀಲಾರದ ಗುರುತಿಸೋದು ಹೆಂಗ್ರಿ?

ಉತ್ತರ 1: ಚೌಕ ಐತಿ ಅಂದ್ರ ಬಹುತೇಕ ಪೈರೈಟ್, ಅಂದ್ರ ಬಂಗಾರದಂಗ ಹೊಳಿಯೋ ಕಬ್ಬಿಣ-ಗಂಧಕದ ಖನಿಜ. 10 ಪಟ್ಟಿನ ಲೆನ್ಸ್ ಹಿಡದು ನೋಡ್ರಿ. ಹರಳಿನ ಮುಖದ ಮ್ಯಾಲೆ ಸಣ್ಣ ಗೀರು ಸಾಲಾಗಿ ಇರ್ತಾವ, ಪಕ್ಕದ ಮುಖದಾಗ ಅವು ಅಡ್ಡ ತಿರುಗಿರ್ತಾವ. ಸೂಜಿ ಒತ್ತಿದ್ರ ಬಂಗಾರ ತಗ್ಗು ಬೀಳತೈತಿ. ಪೈರೈಟಿನ ಗಡಸುತನ 1ರಿಂದ 10ರ ಮೋಸ್ ಅಳತಿಯೊಳಗ 6ರಿಂದ 6.5, ಸೂಜಿ ಜಾರತೈತಿ. ಉದುರಿದ ಕಣ ಇದ್ರ ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ತಿಕ್ರಿ: ಪೈರೈಟ್ ಹಸಿರುಗಪ್ಪು ಗೆರಿ, ಬಂಗಾರ ಹಳದಿ ಗೆರಿ.

ಉತ್ತರ 2: ಒಂದು ಮಾತು ಸೇರಸ್ತೀನ್ರಿ. ಗೆರಿ ಕಪ್ಪು ಬಂತಂದ್ರ ಬಂಗಾರ ಇಲ್ಲ ಅಂತಲ್ಲ. ಗದಗ ಶಿಸ್ಟ್ ಪಟ್ಟಿಯೊಳಗ (ಶಿಸ್ಟ್ ಅಂದ್ರ ಪದರ ಪದರಾಗಿ ಸೀಳೋ ಕಲ್ಲು) ಬಿಸಿ ದ್ರವ ಬಿರುಕಿಗೆ ನುಗ್ಗಿ ಕ್ವಾರ್ಟ್ಜ್ ಎಳಿ ಆಗ್ಯಾವ. ಅದರ ಜೋಡಿ ಪೈರೈಟ್, ಆರ್ಸೆನೋಪೈರೈಟ್ (ಆರ್ಸೆನಿಕ್ ಇರೋ ಕಬ್ಬಿಣ-ಗಂಧಕದ ಖನಿಜ) ಬಂದಾವ. ಬಂಗಾರ ಅವುಗಳ ಒಳಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಇರಬಹುದು, ಅದನ್ನ ಪ್ರಯೋಗಾಲಯದಾಗಷ್ಟ ತಿಳೀಬೇಕು. ಮನ್ಯಾಗ ಮಾತ್ರ ಕಾಯಿಸಬ್ಯಾಡ್ರಿ, ಹೊಗಿಯೊಳಗ ಆರ್ಸೆನಿಕ್ ವಿಷ ಬರತೈತಿ.

ಉತ್ತರ 3: ಆ ಬಿಳಿ ಪುಡಿಗೆ ಮೊದಲು ಲಕ್ಷ್ಯ ಕೊಡ್ರಿ. ತೇವಕ್ಕ ಪೈರೈಟ್ ಕೊಳ್ಯಾಕತ್ತೈತಿ. ಕಬ್ಬಿಣದ ಸಲ್ಫೇಟ್ ಜೋಡಿ ಗಂಧಕಾಮ್ಲನೂ ಹುಟ್ಟತೈತಿ, ಅದು ಚೀಟಿ ಕಾಗದನೂ ತಿಂತೈತಿ. ನೀರಿನಾಗ ತೊಳೀಬ್ಯಾಡ್ರಿ. ಒಣ ಬ್ರಷ್‌ನಿಂದ ಪುಡಿ ತಗದು, ತೇವ ಹೀರೋ ಸಿಲಿಕಾ ಜೆಲ್ ಹಾಕಿದ ಬಿಗಿ ಪ್ಲಾಸ್ಟಿಕ್ ಡಬ್ಬಿಯೊಳಗ ಇಡ್ರಿ. ಚೀಟಿ ಬ್ಯಾರೆ ಚೀಲದಾಗ.