‘ನಾಮನಿರ್ದೇಶನ’, ‘ಧ್ರುವೀಕರಣ’: ಅಮೆರಿಕದ ಸುಪ್ರೀಂ ಕೋರ್ಟ್ ವಿಷಯಕ್ಕೆ ಹೊಂದುತ್ತವೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಆರಿಸುವಾಗ ನಡೆಯುವ ಪಕ್ಷಗಳ ಜಗ್ಗಾಟದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ಇಂಗ್ಲಿಷಿನ ‘ನಾಮಿನೇಷನ್’ಗೆ ಬಳಸುವ ‘ನಾಮನಿರ್ದೇಶನ’. ಅಲ್ಲಿ ಅಧ್ಯಕ್ಷರು ಹೆಸರು ಕಳಿಸುತ್ತಾರೆ. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ನ್ಯಾಯಾಂಗ ಸಮಿತಿ ಆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು, ಟಿ.ವಿ. ಕ್ಯಾಮೆರಾಗಳ ಮುಂದೆ, ದಿನಗಟ್ಟಲೆ ಪ್ರಶ್ನೆ ಕೇಳುತ್ತದೆ. ಆಮೇಲೆ ಇಡೀ ಸೆನೆಟ್ ಮತ ಹಾಕುತ್ತದೆ. ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮಲ್ಲಿ ನಾಮನಿರ್ದೇಶನ ಆಯಿತೆಂದರೆ ಕೆಲಸ ಆದಂತೆಯೇ: ರಾಷ್ಟ್ರಪತಿಗಳು ರಾಜ್ಯಸಭೆಗೆ 12 ಮಂದಿಯನ್ನು, ರಾಜ್ಯಪಾಲರು ನಮ್ಮ ವಿಧಾನ ಪರಿಷತ್ತಿಗೆ 11 ಮಂದಿಯನ್ನು ಹೀಗೆ ಕಳಿಸಿದರೆ ಉಳಿಯುವುದು ಪ್ರಮಾಣವಚನವಷ್ಟೇ.

ಹಾಗಾಗಿ ‘ಮೆರಿಕ್ ಗಾರ್ಲಂಡ್ ನಾಮನಿರ್ದೇಶನಗೊಂಡರು’ ಎಂದು ಬರೆದರೆ ಓದುಗರು ಅವರು ನ್ಯಾಯಮೂರ್ತಿಯಾದರು ಎಂದೇ ತಿಳಿದಾರು. 2016ರ ಫೆಬ್ರುವರಿಯಲ್ಲಿ ಆ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಮಾರ್ಚ್‌ನಲ್ಲಿ ಒಬಾಮ ಗಾರ್ಲಂಡ್ ಹೆಸರು ಕಳಿಸಿದರು. ಚುನಾವಣಾ ವರ್ಷವೆಂಬ ನೆಪ ಹೇಳಿ ರಿಪಬ್ಲಿಕನ್ ಬಹುಮತದ ಸೆನೆಟ್ ಅವರನ್ನು ವಿಚಾರಣೆಗೂ ಕರೆಯಲಿಲ್ಲ. 293 ದಿನ ಆ ಹೆಸರು ಧೂಳು ಹಿಡಿದು ಬಿದ್ದಿತ್ತು. (ನೆಪ ಎಂದದ್ದು ಬೇಕೆಂದೇ. 2020ರಲ್ಲಿ ಚುನಾವಣೆಗೆ ಎಂಟೇ ದಿನ ಇರುವಾಗ ಅದೇ ಪಕ್ಷ ಏಮಿ ಕೋನಿ ಬ್ಯಾರೆಟ್ ಅವರನ್ನು 52–48ರಲ್ಲಿ ಗೆಲ್ಲಿಸಿಕೊಂಡಿತು.)

ಹೆಸರು ಹೊರಬಿದ್ದ ದಿನವೇ ‘ನೇಮಕ’ ಎಂದು ಬರೆಯುವುದಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ‘ಶಿಫಾರಸು’ ಎನ್ನೋಣವೆಂದರೆ ಅದು ನಮ್ಮಲ್ಲಿ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಸರ್ಕಾರಕ್ಕೆ ಮಾಡುವುದು. ಅಲ್ಲಿ ನ್ಯಾಯಮೂರ್ತಿಗಳಿಗೆ ಈ ವಿಷಯದಲ್ಲಿ ಮಾತೇ ಇಲ್ಲ. ಸೆನೆಟ್ ಮಾಡುವ ಕೆಲಸಕ್ಕೆ ‘ದೃಢೀಕರಣ’ ಎಂದರೆ ಗೆಜೆಟೆಡ್ ಅಧಿಕಾರಿಯ ಸಹಿ, ಸೀಲು ಬಿದ್ದ ಜೆರಾಕ್ಸ್ ಪ್ರತಿ ನೆನಪಾಗುತ್ತದೆ. ‘ಖಾಯಂ’ ಎಂದರೆ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ ಖಾಯಂ ಆದಂತೆ ಕೇಳುತ್ತದೆ. ಸದ್ಯಕ್ಕೆ ‘ಹೆಸರು ಸೂಚಿಸಿದರು’, ‘ಸೆನೆಟ್ ಒಪ್ಪಿತು’ ಎಂದು ಬರೆದುಕೊಂಡು ಹೋಗುತ್ತಿದ್ದೇನೆ.

ಇನ್ನು ‘ಪೋಲರೈಸೇಷನ್’ಗೆ ಬಳಸುವ ‘ಧ್ರುವೀಕರಣ’. ನಮ್ಮ ಚುನಾವಣಾ ವರದಿಗಳಲ್ಲಿ ‘ಮತಗಳ ಧ್ರುವೀಕರಣ’ ಎಂದರೆ ಒಂದು ಧರ್ಮದ ಇಲ್ಲವೇ ಜಾತಿಯ ಮತಗಳು ಸಾರಾಸಗಟಾಗಿ ಒಂದೇ ಕಡೆ ಬೀಳುವುದು. ಒಟ್ಟುಗೂಡುವುದೇ ಅದರ ಅರ್ಥವಾಗಿಬಿಟ್ಟಿದೆ. ಅಮೆರಿಕದಲ್ಲಿ ಆಗಿರುವುದು ನಡುವಿನಲ್ಲಿದ್ದವರು ಇಲ್ಲವಾಗಿ ಎರಡು ಪಕ್ಷಗಳೂ ಎರಡು ತುದಿಗೆ ಸರಿದದ್ದು. ಮೊದಲು ಹೀಗಿರಲಿಲ್ಲ: ಕಟ್ಟಾ ಸಂಪ್ರದಾಯವಾದಿ ಸ್ಕಾಲಿಯಾಗೆ 1986ರಲ್ಲಿ 98–0 ಮತ ಬಿದ್ದಿತ್ತು. ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್‌ಗೆ 1993ರಲ್ಲಿ 96–3. ನಡುವೆ 1987ರಲ್ಲಿ ರೇಗನ್ ಸೂಚಿಸಿದ ರಾಬರ್ಟ್ ಬೋರ್ಕ್ 42–58ರಲ್ಲಿ ಬಿದ್ದುಹೋದರು. ಆ ಜಗಳದಿಂದ ‘ಬೋರ್ಕ್’ ಎಂಬ ಕ್ರಿಯಾಪದವೇ ಹುಟ್ಟಿ ಇಂಗ್ಲಿಷ್ ನಿಘಂಟು ಸೇರಿತು: ಮುಗಿಬಿದ್ದು, ಹೆಸರು ಕೆಡಿಸಿ, ಹುದ್ದೆ ತಪ್ಪಿಸುವುದು ಎಂದು. 2017ರಲ್ಲಿ, ನೂರು ಸದಸ್ಯರ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕೆಂಬ ಕಟ್ಟಳೆಯನ್ನು ಸುಪ್ರೀಂ ಕೋರ್ಟ್ ಮಟ್ಟಿಗೆ ತೆಗೆದುಹಾಕಿದ ಮೇಲೆ ಎದುರು ಪಕ್ಷವನ್ನು ಓಲೈಸುವ ಅಗತ್ಯವೂ ಉಳಿಯಲಿಲ್ಲ. 2018ರಲ್ಲಿ ಬ್ರೆಟ್ ಕ್ಯಾವನಾಗೆ ಸಿಕ್ಕಿದ್ದು 50–48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್‌ಗೆ 53–47.

ಇದಕ್ಕೆ ‘ಇಬ್ಭಾಗ’ ಎಂದರೆ ಪಕ್ಷ ಒಡೆದಂತೆ, ‘ಬಣ’ ಎಂದರೆ ಒಂದೇ ಪಕ್ಷದ ಒಳಜಗಳದಂತೆ. ನೋಡಿದರೆ ‘ಧ್ರುವ’ ಎಂಬ ಮಾತಿಗೆ ನ್ಯಾಯ ಸಿಗುವುದು ಈ ಅಮೆರಿಕದ ಅರ್ಥದಲ್ಲೇ. ಅಡ್ಡದಾರಿ ಹಿಡಿದದ್ದು ನಮ್ಮ ವರದಿಗಾರಿಕೆ. ಆದ್ದರಿಂದ ‘ಪಕ್ಷಗಳ ಧ್ರುವೀಕರಣ’ ಎಂದು ಧೈರ್ಯವಾಗಿ ಬರೆಯುವ ಯೋಚನೆ ನನ್ನದು.

ಕೇಳಬೇಕಾದ್ದು ಇಷ್ಟು. ಹೆಸರು ಸೂಚಿತವಾಗಿ, ಇನ್ನೂ ಒಪ್ಪಿಗೆ ಸಿಗದ ಆ ವ್ಯಕ್ತಿಯನ್ನು ಏನೆಂದು ಕರೆಯೋಣ? ‘ಅಭ್ಯರ್ಥಿ’ ಎಂದರೆ ಠೇವಣಿ ಕಟ್ಟಿ ಚುನಾವಣೆಗೆ ನಿಂತವರು ಎನಿಸುತ್ತದೆ. ‘ಸೂಚಿತರು’ ನನ್ನ ಕಿವಿಗೆ ಒಗ್ಗುತ್ತಿಲ್ಲ. ಹಾಗೆಯೇ, ದೂರ ಸರಿಯುವ ಅರ್ಥದಲ್ಲಿ ‘ಧ್ರುವೀಕರಣ’ ಬಳಸಿದ ಹಳೆಯ ಕನ್ನಡ ಬರಹ, ಶೀತಲ ಸಮರದ ಕಾಲದ್ದಾದರೂ ಸರಿ, ಯಾರ ಬಳಿಯಾದರೂ ಇದ್ದರೆ ಆ ಸಾಲುಗಳನ್ನು ಇಲ್ಲಿ ಹಾಕಿ.