ಬಳ್ಳಾರಿ ಬಿಸಿಲಿನಾಗ ಓವರ್‌ಕ್ಲಾಕ್: ಯಾವ ಗ್ರಾಫಿಕ್ಸ್ ಕಾರ್ಡ್, ಎಂಥಾ ಕೂಲಿಂಗ್?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ): ಅಣ್ಣಾರ, ಹೊಸ ಆರ್‌ಟಿಎಕ್ಸ್ 4060 ತಗೋಬೇಕೋ, ಸೆಕೆಂಡ್ ಹ್ಯಾಂಡ್ 12 ಜಿಬಿ ಮೆಮೊರಿಯ 3060 ತಗೋಬೇಕೋ ತಿಳೀವಲ್ದು. ಗೇಮಿಂಗ್‌ಗೆ ಬೇಕು, ಓವರ್‌ಕ್ಲಾಕ್ ಮಾಡೋ (ಕಂಪನಿ ಇಟ್ಟಿದ್ದಕ್ಕಿಂತ ಕಾರ್ಡಿನ ವೇಗ ಏರಿಸೋ) ಆಸೆನೂ ಐತಿ. ರೂಮಿಗೆ ಎಸಿ ಇಲ್ಲ, ನೀರಿನ ಕೂಲರ್ ಐತಿ. ಅದರ ಗಾಳಿ ಕ್ಯಾಬಿನೆಟ್ ಕಡೆ ತಿರುಗಿಸಿದ್ರ ನಡೀತೈತೇನ್ರಿ?

ಉತ್ತರ (ಕಂಪ್ಯೂಟರ್ ಸರ್ವಿಸ್, ರಾಯಚೂರು): ಮೊದ್ಲು ಕೂಲರ್ ವಿಷಯ. ದಯವಿಟ್ಟು ತಿರುಗಿಸಬ್ಯಾಡ್ರಿ. ಆ ಗಾಳಿಯ ತೇವ ನಮ್ಮ ಕಡೆ ಧೂಳಿನ ಜೊತಿ ಸೇರಿ ಹೀಟ್‌ಸಿಂಕ್‌ (ಚಿಪ್ಪಿನ ಬಿಸಿ ಹೀರೋ ಲೋಹದ ರೆಕ್ಕಿಗಳು) ಸಂದಿಯೊಳಗ ಮಣ್ಣಿನ ಗಿಲಾವು ಮಾಡಿದಂಗ ಕೂಡ್ತದ. ಒಣ ಧೂಳು ಬ್ಲೋಯರ್‌ಗೆ ಹೋಗ್ತದ, ಇದು ಹೋಗಂಗಿಲ್ಲ. ಕೂಲರ್ ನಿಮಗ ಇರಲಿ, ಕಿಟಕಿ ತೆಗೆದಿಡ್ರಿ.

ಇನ್ನ ಕಾರ್ಡು. ಫ್ಯಾನ್ ಎಷ್ಟೇ ಜೋರು ತಿರುಗಿದ್ರೂ ಚಿಪ್ಪು ರೂಮಿನ ಗಾಳಿಗಿಂತ ತಣ್ಣಗ ಆಗಂಗಿಲ್ಲ. ರಿವ್ಯೂ ಮಾಡೋರು 23 ಡಿಗ್ರಿ ರೂಮಿನಾಗ ಕೂತು 65 ತೋರಿಸಿದ್ರು ಅನ್ಕೋರಿ. ನಿಮ್ಮ ರೂಮು 38 ಇದ್ದಾಗ ಅದೇ ಕಾರ್ಡು 80 ಮುಟ್ಟತದ. 4060ರ ಗರಿಷ್ಠ ಮಿತಿ 90 ಡಿಗ್ರಿ, 3060ಕ್ಕ 93. ಆದ್ರ ಆ ಮಿತಿ ಬರೋತನಕ ಕಾಯೋದಿಲ್ಲ, ಬಿಸಿ ಏರಿದಂಗ ಕಾರ್ಡು ತಾನೇ ಕ್ಲಾಕ್ (ಚಿಪ್ಪಿನ ವೇಗ) ಸ್ವಲ್ಪ ಸ್ವಲ್ಪ ಇಳಿಸ್ತಾ ಬರ್ತದ. ನೀವು ಏರಿಸಿದ ಮೆಗಾಹರ್ಟ್ಸ್ ಮಧ್ಯಾಹ್ನದ ಬಿಸಿಲಿಗೇ ಕರಗಿ ಹೋಗ್ತದ.

ಅದಕ್ಕ ವ್ಯಾಟ್ ನೋಡ್ರಿ. 3060 ಅಂದ್ರ 170 ವ್ಯಾಟ್, 4060 ಅಂದ್ರ 115. ಹೆಚ್ಚಿನ ಆ 55 ವ್ಯಾಟ್ ಎಲ್ಲಾ ಶಾಖ ಆಗಿ ನಿಮ್ಮ ರೂಮಿಗೇ ಬರ್ತದ. ಗೇಮಿಂಗ್‌ಗಷ್ಟೇ ಅಂದ್ರ ನಾನು 4060 ಅಂತೀನಿ. ದೊಡ್ಡ ವಿಡಿಯೊ ಎಡಿಟಿಂಗ್ ಇದ್ರ ಮಾತ್ರ 12 ಜಿಬಿ ಕಡೆ ವಾಲ್ತೀನಿ, ಆದ್ರ ಹಳೇ ಕಾರ್ಡಿನಾಗ ಬಿಸಿ ಹೀಟ್‌ಸಿಂಕ್‌ಗೆ ದಾಟಿಸೋ ಥರ್ಮಲ್ ಪೇಸ್ಟ್, ಪ್ಯಾಡ್ ಬದಲಿಸೋ ಖರ್ಚು ಸೇರಿಸಿ ಲೆಕ್ಕ ಹಾಕ್ರಿ. ಡಬ್ಬಿ ಮ್ಯಾಲ 'ಓಸಿ' (ಓವರ್‌ಕ್ಲಾಕ್ ಮಾಡಿದ್ದು) ಅಂತ ಬರ್ದದ ಅಂತ ಹೆಚ್ಚಿಗಿ ರೊಕ್ಕ ಕೊಡಬ್ಯಾಡ್ರಿ. ಹೀಟ್‌ಸಿಂಕ್ ಎಷ್ಟು ದಪ್ಪ, ಪವರ್ ಲಿಮಿಟ್ (ಕಾರ್ಡು ಎಳೆಯೋ ವ್ಯಾಟಿನ ಮಿತಿ) ಏರಿಸಾಕ ಬಿಡ್ತದೋ ಇಲ್ಲೋ, ಇವೆರಡೂ ಕೇಳಿ ತಗೋರಿ. ಪವರ್ ಸಪ್ಲೈ 550 ವ್ಯಾಟಿಂದು, ಒಳ್ಳೇದು ಹಾಕ್ರಿ.

ಪ್ರಶ್ನೆ (ಗಿಣಿಗೇರಿ, ಕೊಪ್ಪಳ): ಸರ್, ನಮ್ಮಲ್ಲಿ ಫ್ಯಾಕ್ಟರಿ ಕರಿ ಧೂಳು ಭಾಳ. ಸೈಡ್ ಪ್ಯಾನಲ್ ತೆಗೆದಿಟ್ಟೀನಿ, ಟೆಂಪರೇಚರ್ ಇಳಿದೈತಿ. ಹಂಗೇ ಬಿಡ್ಲೇನ್ರಿ?

ಉತ್ತರ: ಬ್ಯಾಡ್ರಿ, ಮುಚ್ಚಿಬಿಡ್ರಿ. ಈಗ ಇಳಿದದ್ದು ಧೂಳು ತುಂಬಿದ ಮ್ಯಾಲ ಮತ್ತ ಏರ್ತದ. ಮುಂದ ಗ್ಲಾಸ್ ಇರೋ ಕ್ಯಾಬಿನೆಟ್ ಬದ್ಲಿ ಜಾಳಿಗಿ ಇರೋದು ತಗೋರಿ. ಮುಂದ ಎರಡು ಫ್ಯಾನ್ ಗಾಳಿ ಒಳಗ ತರಲಿ, ಹಿಂದ ಒಂದು ಹೊರಗ ಹಾಕಲಿ, ಒಳಬರೋ ಕಡೆ ಫಿಲ್ಟರ್ ಇರಲಿ. ಒಳಗಿನ ಒತ್ತಡ ತುಸು ಹೆಚ್ಚಿದ್ರ ಸಂದಿಯಿಂದ ಧೂಳು ನುಗ್ಗೋದು ಕಡಿಮಿ ಆಗ್ತದ. ನಿಮ್ಮ ಊರಾಗ ಫಿಲ್ಟರ್ ವಾರಕ್ಕೊಮ್ಮೆ ತೊಳೀರಿ, ಪೂರಾ ಒಣಗಿದ ಮ್ಯಾಲ ಹಾಕ್ರಿ. ಬ್ಲೋಯರ್ ಹಿಡಿಯೋವಾಗ ಕಾರ್ಡಿನ ಫ್ಯಾನ್ ಬೆರಳಿಂದ ಒತ್ತಿ ಹಿಡೀರಿ. ಗಾಳಿಗೆ ಅದು ಗರಗರ ತಿರುಗಿದ್ರ ಬೇರಿಂಗ್ ಹಾಳಾಗ್ತದ.

ಪ್ರಶ್ನೆ (ಕೌಲ್ ಬಜಾರ್): ಹಂಗಾದ್ರ ಬ್ಯಾಸಿಗ್ಯಾಗ ಓವರ್‌ಕ್ಲಾಕ್ ಬಿಟ್ಟಬಿಡೋದೇನಣ್ಣಾ?

ಉತ್ತರ: ಬಿಡಬ್ಯಾಡ ತಮ್ಮಾ, ದಾರಿ ಬದಲಿಸು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಾಗ ವೋಲ್ಟೇಜ್ ಕರ್ವ್ (ಯಾವ ವೋಲ್ಟೇಜಿಗೆ ಎಷ್ಟು ಕ್ಲಾಕ್ ಅಂತ ತೋರಿಸೋ ಗೆರಿ) ತೆಗೆದು ಅಂಡರ್‌ವೋಲ್ಟ್ ಮಾಡು, ಅಂದ್ರ ಕಾರ್ಡಿಗೆ ಕಡಿಮಿ ವೋಲ್ಟೇಜ್ ಕೊಡು. 950 ಮಿಲಿವೋಲ್ಟ್ ಸುತ್ತ ಶುರು ಮಾಡಿ, ಆ ವೋಲ್ಟೇಜಿಗೆ ಎಷ್ಟು ಕ್ಲಾಕ್ ನಿಲ್ತದ ನೋಡು. ಒಂದೊಂದು ಚಿಪ್ಪು ಒಂದೊಂದು ಥರ, ಗೆಳೆಯನ ನಂಬರ್ ನಿನಗ ಬರಂಗಿಲ್ಲ. ಬಿಸಿ ಕಡಿಮಿ ಆದ್ರ ಕ್ಲಾಕ್ ಇಳೀದೇ ನಿಲ್ತದ, ಏಪ್ರಿಲ್‌ನಾಗ ನಮಗ ಬೇಕಾದದ್ದೂ ಅದೇ. ಚಳಿಗಾಲಕ್ಕ ಕೋರ್ 25 ಮೆಗಾಹರ್ಟ್ಸ್‌ನಂಗ ಏರಿಸ್ತಾ ಹೋಗು, ಪರದಿ ಮ್ಯಾಲ ಚುಕ್ಕಿ, ಗೆರಿ ಕಂಡ್ರ ಹಿಂದಕ್ಕ ಬಾ. ಮೆಮೊರಿ ಏರಿಸಿದ್ರೂ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಚಿತ್ರಗಳ ಲೆಕ್ಕ) ಇಳಿದ್ರ ಅಲ್ಲೇ ನಿಲ್ಲಿಸು.

ಟೆಸ್ಟ್ ರಾತ್ರಿ ಮಾಡಬ್ಯಾಡ, ಮಧ್ಯಾಹ್ನ ಮೂರಕ್ಕ ಮಾಡು. ಆ ಹೊತ್ತಿನಾಗ ಒಂದು ತಾಸು ಗೇಮ್ ಕ್ರ್ಯಾಶ್ ಆಗದೇ ನಡೆದ ಮ್ಯಾಲಷ್ಟೇ, ವಿಂಡೋಸ್ ಶುರುವಾದ ಕೂಡ್ಲೇ ಸೆಟ್ಟಿಂಗ್ ತಾನಾಗೇ ಹತ್ತೋ ಬಟನ್ ಒತ್ತು.